ನಷ್ಟದ ಕಲಮಿನಲ್ಲಿ ನಮ್ಮ ಹಕ್ಕಲು

1

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಬಯಲಿನಲ್ಲಿ ಕೊಯ್ಲಿನ ದಿನ ನಿಂತು ನೋಡಿದವರಿಗೆ ಗೊತ್ತು. ಮೊದಲು ಧೂಳು ಕಾಣುತ್ತದೆ, ಆಮೇಲೆ ಸದ್ದು, ಆಮೇಲೆ ಮನೆಯಷ್ಟು ಎತ್ತರದ ಯಂತ್ರ. ಮುಂದೆ 14 ಅಡಿ ಅಗಲದ ಕಟರ್ ಬಾರ್. ಒಳಗೆ ತೆನೆ ಬಡಿಯುವ ಡ್ರಮ್ಮು, ಜರಡಿ, ಗಾಳಿ ಬೀಸುವ ಫ್ಯಾನು. ಮೇಲೆ ಕಾಳು ತುಂಬುವ ತೊಟ್ಟಿ. ಕೊಯ್ಯೋದು, ಬಡಿಯೋದು, ತೂರೋದು ಅಂತ ನಮ್ಮವರು ವಾರಗಟ್ಟಲೆ ಮಾಡುತ್ತಿದ್ದ ಮೂರು ಕೆಲಸ ಅದರ ಹೊಟ್ಟೆಯೊಳಗೆ ಒಂದೇ ಸಲಕ್ಕೆ ಮುಗಿದುಹೋಗುತ್ತವೆ. ಅದಕ್ಕೇ ಅದಕ್ಕೆ ಕಂಬೈನ್ ಎಂಬ ಹೆಸರು. ಊರಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ. 'ಮಿಷನ್ ಬಂತು' ಅಂದರೆ ಸಾಕು. ಹೊಲದ ಯಜಮಾನನಿಗೂ ತಿಳಿಯುತ್ತದೆ, ಕೇರಿಗೂ ತಿಳಿಯುತ್ತದೆ. ತಿಳಿಯುವ ಅರ್ಥ ಮಾತ್ರ ಬೇರೆ ಬೇರೆ.

ಆ ಮಿಷನ್ನಿನ ಹಿಂದೆ ಒಬ್ಬ ಮುದುಕಿ ಬುಟ್ಟಿ ಹಿಡಿದು ನಡೆದದ್ದನ್ನು ನಾವು ನೋಡಿದ್ದೇವೆ. ಹಕ್ಕಲು ಆಯಲು ಬಂದಿದ್ದಳು. ಕೊಯ್ದ ಹೊಲದಲ್ಲಿ ಬಿದ್ದುಳಿದ ತೆನೆ ಆರಿಸಿಕೊಳ್ಳುವುದು ನಮ್ಮ ಕೇರಿಗಳ ಹೆಂಗಸರಿಗೆ, ಮಕ್ಕಳಿಗೆ ಹಳೆಯ ಅಭ್ಯಾಸ. ಅರ್ಧ ಹೊಲ ಸುತ್ತಿದರೂ ಅವಳಿಗೆ ಒಂದು ಹಿಡಿ ತೆನೆ ಸಿಗಲಿಲ್ಲ. ಕಾಳು ಇರಲಿಲ್ಲ ಅಂತಲ್ಲ. ಇತ್ತು. ಆದರೆ ಬಿಡಿಬಿಡಿಯಾಗಿ, ಹರಡಿದ ಹುಲ್ಲಿನಡಿ, ಟೈರು ತುಳಿದ ಕೆಸರಿನಲ್ಲಿ ಸೇರಿಹೋಗಿತ್ತು. "ಇದು ಬಿಟ್ಟಿದ್ದು ಹಕ್ಕಿ ಆರಿಸ್ಕೋಬೇಕು ತಮ್ಮಾ, ನಮ್ಮ ಕೈಗೆ ಬರೂದಿಲ್ಲ" ಅಂದಳು. ಬುಟ್ಟಿಯನ್ನು ಬೋರಲು ಮಾಡಿ ಬದುವಿನ ಮೇಲೆ ಕೂತಳು.

ಈ ಬರಹ ಆ ಖಾಲಿ ಬುಟ್ಟಿಯಿಂದ ಹುಟ್ಟಿದ್ದು. ಒಂದು ದೊಡ್ಡ ಯಂತ್ರ ಹೊಲದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ತೀರ್ಪು ಕೊಡುವವರು ಯಾರು? ಯಾವ ಅಳತೆಯಿಂದ ಅಳೆಯುತ್ತಾರೆ? ಆ ಅಳತೆಯಲ್ಲಿ ಅವಳ ಬುಟ್ಟಿಗೆ ಜಾಗ ಯಾಕಿಲ್ಲ? ಇದಕ್ಕೆ ಉತ್ತರ ಹುಡುಕಿಕೊಂಡು ನಾವು ಸ್ವಲ್ಪ ದೂರದ ಚರಿತ್ರೆಗೆ ಹೋಗಬೇಕಾಯಿತು.

2

ಮಿಷನ್ನಿನ ಹಿಂದೆ ಮುದುಕಿಯಂತೆಯೇ ಇನ್ನೊಬ್ಬರೂ ನಡೆಯುತ್ತಾರೆ. ಅವರು ಪರೀಕ್ಷೆ ಮಾಡುವ ಎಂಜಿನಿಯರು. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಕಂಬೈನನ್ನು ಹೇಗೆ ಪರೀಕ್ಷಿಸಬೇಕು ಎಂಬುದಕ್ಕೆ ಐಎಸ್ 8122 ಎಂಬ ಭಾರತೀಯ ಮಾನಕವೂ ಇದೆ. ಆ ಕೆಲಸ ಹೀಗೆ ನಡೆಯುತ್ತದೆ. ಯಂತ್ರ ಇಳಿಯುವ ಮೊದಲೇ ಹೊಲದಲ್ಲಿ ಚದರ ಮೀಟರಿನ ಚೌಕಟ್ಟು ಇಟ್ಟು ತಾನಾಗಿ ಉದುರಿದ ಕಾಳನ್ನು ಆರಿಸಿ ತೂಗುತ್ತಾರೆ. ಯಂತ್ರ ಹೋದ ಮೇಲೆ ಮತ್ತೆ ಚೌಕಟ್ಟು ಇಟ್ಟು ಕಟರ್ ಬಾರ್ ಉದುರಿಸಿದ್ದೆಷ್ಟು ಎಂದು ನೋಡುತ್ತಾರೆ. ಹಿಂದುಗಡೆ ತಾಡಪತ್ರಿ ಹಾಸಿ, ಹುಲ್ಲು ಹೊಟ್ಟಿನ ಜೊತೆ ಹೊರಬಿದ್ದ ಕಾಳನ್ನು ಬೇರೆ ಮಾಡುತ್ತಾರೆ. ತೊಟ್ಟಿಯಿಂದ ಮಾದರಿ ತೆಗೆದು ಒಡೆದ ಕಾಳೆಷ್ಟು, ಕಸವೆಷ್ಟು ಎಂದು ಎಣಿಸುತ್ತಾರೆ. ಗಡಿಯಾರ ಹಿಡಿದು ಓಡಿದ ಹೊತ್ತು, ತಿರುಗಿದ ಹೊತ್ತು, ಕಾಳು ಸುರಿದ ಹೊತ್ತು, ಸಿಕ್ಕಿಕೊಂಡು ನಿಂತ ಹೊತ್ತು ಎಲ್ಲ ಬರೆಯುತ್ತಾರೆ. ಡೀಸೆಲ್ ಅಳೆಯುತ್ತಾರೆ.

ಇದನ್ನು ಗೇಲಿ ಮಾಡಲು ನಾವು ಹೇಳುತ್ತಿಲ್ಲ. ಇದು ಶ್ರದ್ಧೆಯ ಕೆಲಸ. ನಮ್ಮ ಹುಡುಗರೂ ಕಲಿಯಬೇಕಾದ ಕೆಲಸ. ಲೆಕ್ಕ ಕಷ್ಟವೂ ಅಲ್ಲ. 14 ಅಡಿ ಅಂದರೆ 4.27 ಮೀಟರ್. ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ಹೋದರೆ ಒಂದು ಗಂಟೆಗೆ 12,810 ಚದರ ಮೀಟರ್, ಅಂದರೆ 3 ಎಕರೆಗೆ ಸ್ವಲ್ಪ ಮೇಲೆ. ಇದು ಕಾಗದದ ಲೆಕ್ಕ. ತಿರುವು, ನಿಲುವು, ಸುರಿಯುವ ಹೊತ್ತು ಕಳೆದು ನೂರಕ್ಕೆ 65 ಪಾಲು ಹೊತ್ತು ಮಾತ್ರ ನಿಜವಾಗಿ ಕೊಯ್ದಿತು ಎಂದುಕೊಂಡರೆ ಗಂಟೆಗೆ 2 ಎಕರೆ. ಈ 65ಕ್ಕೆ ಕ್ಷೇತ್ರ ದಕ್ಷತೆ ಅಂತಾರೆ. ಒಂದು ಎಕರೆ ಭತ್ತವನ್ನು ಕುಡುಗೋಲಿನಿಂದ ಕೊಯ್ಯಲು ಎಂಟು ಹತ್ತು ಜನಕ್ಕೆ ಒಂದು ದಿನ ಬೇಕು. ಕಟ್ಟು ಕಟ್ಟೋದು, ಹೊರೋದು, ಬಡಿಯೋದು, ತೂರೋದು ಆಮೇಲಿನ ಮಾತು. ಅಂದರೆ ಮಿಷನ್ನಿನ ಒಂದು ಗಂಟೆ ನಮ್ಮ ಕೇರಿಯ ಹದಿನಾರು ಇಪ್ಪತ್ತು ಜನರ ಒಂದು ದಿನದ ಕೂಲಿ. ವರದಿಯಲ್ಲಿ ಇದು 'ಉಳಿತಾಯ'ದ ಕಲಮಿನಲ್ಲಿ ಬರುತ್ತದೆ.

ಇನ್ನೊಂದು ಕಲಮು ನಷ್ಟದ್ದು. ನಷ್ಟ ನೂರಕ್ಕೆ 2 ಎಂದಿಟ್ಟುಕೊಳ್ಳೋಣ. ಎಕರೆಗೆ 25 ಕ್ವಿಂಟಾಲ್ ಬೆಳೆದ ಹೊಲದಲ್ಲಿ ಅದು 50 ಕಿಲೋ. ಕುಡುಗೋಲಿನ ಕೊಯ್ಲಲ್ಲೂ ಕಾಳು ಚೆಲ್ಲುತ್ತದೆ, ತೆನೆ ಬೀಳುತ್ತವೆ. ಎಷ್ಟೋ ಸಲ ಯಂತ್ರದ್ದಕ್ಕಿಂತ ಹೆಚ್ಚೇ ಬೀಳುತ್ತವೆ. ಹಾಗಾಗಿ ಪರೀಕ್ಷೆಯಲ್ಲಿ ಯಂತ್ರ ಪಾಸು, ಕುಡುಗೋಲು ಫೇಲು. ಆದರೆ ಕುಡುಗೋಲು ಬಿಟ್ಟದ್ದು ಇಡೀ ತೆನೆ. ಅದನ್ನು ಬಗ್ಗಿ ಎತ್ತಿಕೊಳ್ಳಬಹುದು. ಸಂಜೆಗೆ ಅದು ಯಾರದೋ ಗುಡಿಸಲಿನ ಗಡಿಗೆಗೆ ಬೀಳುತ್ತಿತ್ತು. ಯಜಮಾನನ ಲೆಕ್ಕದಲ್ಲಿ ನಷ್ಟವಾದದ್ದು ಇನ್ನೊಂದು ಮನೆಯಲ್ಲಿ ಅನ್ನ. ಮಿಷನ್ ಬಿಟ್ಟದ್ದು ಬಿಡಿ ಕಾಳು. ಅದು ಯಾರ ಗಡಿಗೆಗೂ ಹೋಗುವುದಿಲ್ಲ. ಎರಡಕ್ಕೂ ಒಂದೇ ಹೆಸರು, ಒಂದೇ ಕಲಮು. ವರದಿಯ ತಪ್ಪು ಇಲ್ಲಿದೆ. ತಕ್ಕಡಿ ಸರಿಯಾಗಿದೆ. ತೂಗುವವರು ಯಜಮಾನನ ಅಂಗಳದಲ್ಲಿ ನಿಂತು ತೂಗುತ್ತಿದ್ದಾರೆ.

ಹಾಗಂತ ಹಕ್ಕಲಿನ ಕಾಲವನ್ನು ಹೊಗಳಲು ನಮಗೆ ಬಾಯಿ ಬರುವುದಿಲ್ಲ. ಹಕ್ಕಲು ನಮಗೆ ಹಕ್ಕಾಗಿರಲಿಲ್ಲ. ಒಡೆಯನ ಮರ್ಜಿಯಾಗಿತ್ತು. ಜಾನಪದ ಪ್ರಿಯರು ಕಣದ ಹಾಡು, ರಾಶಿ ಪೂಜೆ ಅಂತ ಕಣ್ಣು ತೇವ ಮಾಡಿಕೊಳ್ಳುತ್ತಾರೆ. ಹೊತ್ತು ಹುಟ್ಟುವ ಮೊದಲೇ ಎದ್ದು ಆ ರಾಶಿ ಮಾಡಿದವರು ಪೂಜೆಯ ಹೊತ್ತಿಗೆ ಕಣದ ಹೊರಗೆ ಸೆರಗೊಡ್ಡಿ ನಿಂತಿರುತ್ತಿದ್ದರು. ಎತ್ತರದಿಂದ ಸುರಿದದ್ದನ್ನು ಹಿಡಿದುಕೊಳ್ಳಬೇಕು. ಹಳೇ ಸಾಲದ ಬಡ್ಡಿ ಅಲ್ಲೇ ಮುರಿದುಕೊಂಡರೆ ಕಣ ಗುಡಿಸಿದ ಮಣ್ಣುಗಾಳೇ ಗತಿ. ಮುಂಬೈ ಪ್ರಾಂತದಲ್ಲಿ, ಅಂದರೆ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳೂ ಸೇರಿದ್ದ ಪ್ರಾಂತದಲ್ಲಿ, ಊರ ಚಾಕರಿಗೆ ಪ್ರತಿಯಾಗಿ ಮಹಾರರಿಗೆ ಸಿಗುತ್ತಿದ್ದ ವತನದ ಭೂಮಿ ಮತ್ತು ಕಾಳಿನ ಪಾಲು ಒಂದು ಸಂಕೋಲೆ ಎಂದು ಅಂಬೇಡ್ಕರರು ಕಂಡರು. 1928ರಲ್ಲಿ ಅದನ್ನು ಬದಲಾಯಿಸುವ ಮಸೂದೆ ತಂದರು. ಆದ್ದರಿಂದ ನಮ್ಮ ಪ್ರಶ್ನೆ 'ಯಂತ್ರ ಬೇಕೋ, ಹಕ್ಕಲು ಬೇಕೋ' ಎಂಬುದಲ್ಲ. ಹಕ್ಕಲನ್ನು ಕಿತ್ತುಕೊಂಡ ಮೇಲೆ ಅದರ ಜಾಗದಲ್ಲಿ ಏನು ಕೊಟ್ಟರು ಎಂಬುದು.

3

ಮೊದಲು ಕಿತ್ತುಕೊಂಡ ಕತೆ ಇಂಗ್ಲೆಂಡಿನದು. ಅಲ್ಲಿಯೂ ಬಡವರು ಹಕ್ಕಲು ಆಯುತ್ತಿದ್ದರು. ಬೈಬಲ್ಲಿನಲ್ಲೇ ಹೊಲದ ಅಂಚನ್ನು ಬಡವರಿಗೆ ಬಿಡಬೇಕು ಎಂಬ ಮಾತಿರುವುದರಿಂದ ಅದು ತಮ್ಮ ಹಕ್ಕು ಎಂದೇ ಅವರು ನಂಬಿದ್ದರು. ಸಫೋಕ್ ಸೀಮೆಯ ಮೇರಿ ಹೌಟನ್ ಎಂಬಾಕೆ ಕೊಯ್ದ ಹೊಲದಲ್ಲಿ ತೆನೆ ಆರಿಸಿದ್ದಕ್ಕೆ ಕೇಸು ನಡೆಯಿತು. 1788ರಲ್ಲಿ ತೀರ್ಪು ಬಂತು. ದೇಶದ ಸಾಮಾನ್ಯ ಕಾನೂನಿನಲ್ಲಿ ಹಕ್ಕಲು ಆಯುವ ಹಕ್ಕು ಯಾರಿಗೂ ಇಲ್ಲ, ಹೊಲದಲ್ಲಿ ಬಿದ್ದದ್ದೂ ಯಜಮಾನನದೇ. ತೀರ್ಪಿನ ಮೇಲೂ ಎಷ್ಟೋ ಹಳ್ಳಿಗಳಲ್ಲಿ ಹೆಂಗಸರು ಹೊಲಕ್ಕೆ ಹೋಗುವುದನ್ನು ಬಿಡಲಿಲ್ಲ. ಆದರೆ ಹಕ್ಕು ಎಂಬುದು ಕೃಪೆ ಎಂದಾಯಿತು.

ಅದೇ ಕಾಲಕ್ಕೆ ಒಕ್ಕಣೆ ಯಂತ್ರ ಬಂತು. 1786ರ ಸುಮಾರಿಗೆ ಸ್ಕಾಟ್ಲೆಂಡಿನ ಆಂಡ್ರೂ ಮೈಕಲ್ ಮಾಡಿದ್ದು. ಅಲ್ಲಿನ ಕೂಲಿಯವನಿಗೆ ಚಳಿಗಾಲದ ಅನ್ನ ಅಂದರೆ ಬಡಿಗೋಲು ಹಿಡಿದು ಕಾಳು ಒಕ್ಕುವ ಕೆಲಸ. ಹಿಮ ಬಿದ್ದ ತಿಂಗಳುಗಳಲ್ಲಿ ಬೇರೆ ಕೆಲಸವೇ ಇಲ್ಲ. ಯಂತ್ರ ಆ ತಿಂಗಳುಗಳನ್ನೇ ನುಂಗಿತು. 1830ರ ಆಗಸ್ಟ್ 28ರ ರಾತ್ರಿ ಕೆಂಟ್ ಸೀಮೆಯ ಲೋಯರ್ ಹಾರ್ಡ್ರೆಸ್‌ನಲ್ಲಿ ಕೂಲಿಕಾರರು ಒಂದು ಒಕ್ಕಣೆ ಯಂತ್ರವನ್ನು ಮುರಿದು ಹಾಕಿದರು. ಅಲ್ಲಿಂದ ಅದು ದಕ್ಷಿಣ ಇಂಗ್ಲೆಂಡಿಗೆಲ್ಲ ಹಬ್ಬಿತು. 'ಕ್ಯಾಪ್ಟನ್ ಸ್ವಿಂಗ್' ಎಂಬ ಇಲ್ಲದ ನಾಯಕನ ಹೆಸರಿನಲ್ಲಿ ಜಮೀನ್ದಾರರಿಗೆ ಕಾಗದಗಳು ಹೋದವು. 400ರ ಹತ್ತಿರ ಯಂತ್ರಗಳು ಮುರಿದವು. ಸರ್ಕಾರ 19 ಜನರನ್ನು ಗಲ್ಲಿಗೆ ಹಾಕಿತು. 500ರ ಹತ್ತಿರ ಜನರನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಅಟ್ಟಿತು.

ಶಾಲೆಯ ಪಾಠದಲ್ಲಿ ಇವರನ್ನು ಪ್ರಗತಿಗೆ ಹೆದರಿದ ತಿಳಿಗೇಡಿಗಳು ಎಂದು ತೋರಿಸುವುದುಂಟು. 1969ರಲ್ಲಿ ಹಾಬ್ಸ್‌ಬಾಮ್ ಮತ್ತು ರೂಡೆ ಎಂಬ ಚರಿತ್ರೆಕಾರರು ಊರೂರಿನ ದಾಖಲೆ ತೆಗೆದು ನೋಡಿದಾಗ ಬೇರೆಯೇ ಚಿತ್ರ ಸಿಕ್ಕಿತು. ಕೂಲಿ ಅಷ್ಟು ಅಗ್ಗವಾಗಿದ್ದ ಕಡೆ ಯಂತ್ರದಿಂದ ಜಮೀನ್ದಾರನಿಗೂ ದೊಡ್ಡ ಲಾಭವಿರಲಿಲ್ಲ. ಕೆಲವು ರೈತರು ತಾವೇ ಯಂತ್ರವನ್ನು ಹೊರಗಿಟ್ಟು ಮುರಿಯಲು ಬಿಟ್ಟರು. ಮುರಿದ ಯಂತ್ರಗಳು ಮೊದಲಿನ ಪ್ರಮಾಣದಲ್ಲಿ ಆ ಸೀಮೆಗೆ ಬೇಗ ವಾಪಸು ಬರಲಿಲ್ಲ. ಅಂದರೆ ಆ ಯಂತ್ರದ ಹೊಲದ ಪರೀಕ್ಷೆ ಮಾಡಿದವರು ಕೂಲಿಕಾರರೇ. ತಮ್ಮ ಚಳಿಗಾಲದ ಹಸಿವನ್ನು ಅಳತೆಗೋಲು ಮಾಡಿಕೊಂಡು ಅದಕ್ಕೆ ಸೊನ್ನೆ ಅಂಕ ಕೊಟ್ಟರು.

4

ಇತ್ತ ಅಮೆರಿಕದಲ್ಲಿ 1831ರಲ್ಲಿ ವರ್ಜೀನಿಯಾದ ವಾಲ್ನಟ್ ಗ್ರೋವ್ ಎಂಬ ತೋಟದಲ್ಲಿ ಸೈರಸ್ ಮೆಕಾರ್ಮಿಕ್ ಕುದುರೆ ಎಳೆಯುವ ಕೊಯ್ಯುವ ಯಂತ್ರ ಮಾಡಿ ನೆರೆಯವರ ಮುಂದೆ ಓಡಿಸಿ ತೋರಿಸಿದ. 1834ರಲ್ಲಿ ಪೇಟೆಂಟ್ ಪಡೆದ. ಆ ಯಂತ್ರವನ್ನು ಕಟ್ಟುವುದರಲ್ಲಿ ಅವನ ಜೊತೆ ದುಡಿದವನು ಜೋ ಆಂಡರ್ಸನ್, ಅದೇ ಮನೆಯ ಗುಲಾಮ. ಪೇಟೆಂಟಿನಲ್ಲಿ ಅವನ ಹೆಸರಿಲ್ಲ. ಇರುವ ಹಾಗೂ ಇರಲಿಲ್ಲ. ಗುಲಾಮ ಮಾಡಿದ ಆವಿಷ್ಕಾರಕ್ಕೆ ಪೇಟೆಂಟ್ ಕೊಡಲು ಬರುವುದಿಲ್ಲ ಎಂದು 1858ರಲ್ಲಿ ಆ ದೇಶದ ಅಟಾರ್ನಿ ಜನರಲ್ ಬರೆದೇ ಕೊಟ್ಟರು. ತಾನೇ ಇನ್ನೊಬ್ಬನ ಆಸ್ತಿಯಾದವನು ಯಾವುದಕ್ಕೂ ಒಡೆಯನಾಗಲಾರ ಎಂಬುದು ಅದರ ತರ್ಕ. ಕುಡುಗೋಲು, ನೇಗಿಲು, ಚಮ್ಮಾರಿಕೆ, ಕಮ್ಮಾರಿಕೆ ಎಲ್ಲವನ್ನೂ ಕೈಯಲ್ಲಿ ಮಾಡಿಯೂ ಪುಸ್ತಕದಲ್ಲಿ ಹೆಸರಿಲ್ಲದ ನಮ್ಮವರಿಗೆ ಈ ತರ್ಕ ಹೊಸದಲ್ಲ. ಜೋ ಆಂಡರ್ಸನ್ನನ್ನು ನಾವು ನಮ್ಮ ಕೇರಿಯವನೆಂದೇ ತಿಳಿಯುತ್ತೇವೆ.

1851ರಲ್ಲಿ ಲಂಡನ್ನಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಆಗ ಎಸೆಕ್ಸ್‌ನ ಟಿಪ್ಟ್ರೀ ಎಂಬಲ್ಲಿ ಮೆಚಿ ಎಂಬ ಶ್ರೀಮಂತನ ಹೊಲದಲ್ಲಿ ಕೊಯ್ಯುವ ಯಂತ್ರಗಳ ಪರೀಕ್ಷೆ ಇಟ್ಟರು. ಪೈರು ಇನ್ನೂ ಹಸಿ, ಹೊಲ ಒದ್ದೆ. ಎದುರಾಳಿ ಹಸ್ಸಿಯ ಯಂತ್ರ ಸಿಕ್ಕಿಕೊಂಡಿತು, ಮೆಕಾರ್ಮಿಕನದು ಓಡಿತು. ದೊಡ್ಡ ಪದಕ ಸಿಕ್ಕಿತು. ಹೊಲದ ಪರೀಕ್ಷೆ ಎಂಬ ಈ ಪದ್ಧತಿ ಹೆಸರು ಮಾಡಿದ್ದು ಹೀಗೆ. ಸುತ್ತ ನಿಂತು ನೋಡಿದ ಗಣ್ಯರು ಚಪ್ಪಾಳೆ ಹೊಡೆದರು. ಕುಡುಗೋಲಿನವರನ್ನು ಯಾರೂ ಅಂಕ ಕೇಳಲಿಲ್ಲ.

ಕೊಯ್ದು ಒಕ್ಕುವ ಎರಡೂ ಕೆಲಸ ಕೂಡಿಸಿದ ಯಂತ್ರವೂ ಅದೇ ಕಾಲದ್ದು. ಹೈರಮ್ ಮೂರ್ ಮತ್ತು ಹ್ಯಾಸ್ಕಲ್ ಎಂಬವರು 1836ರಲ್ಲಿ ಮಿಷಿಗನ್‌ನಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ತೇವದ ಹವೆಯ ಮಿಷಿಗನ್‌ನಲ್ಲಿ ಅದು ನಡೆಯಲಿಲ್ಲ. 1854ರಲ್ಲಿ ಹಡಗಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದದ್ದು ಒಣ ಬಿಸಿಲಲ್ಲಿ 600 ಎಕರೆ ಕೊಯ್ದಿತು. ಮುಂದೆ ಅಲ್ಲಿ ಇಪ್ಪತ್ತು, ಮೂವತ್ತು ಹೇಸರಗತ್ತೆಗಳು ಎಳೆಯುವ ದೈತ್ಯ ಕಂಬೈನ್‌ಗಳು ಬಂದವು. ಇದರಿಂದ ನಾವು ಕಲಿಯಬೇಕಾದ್ದು ಒಂದಿದೆ. ದೊಡ್ಡ ಯಂತ್ರಕ್ಕೆ ಒಣ ಹವೆ ಎಷ್ಟು ಬೇಕೋ ದೊಡ್ಡ ಹೊಲವೂ ಅಷ್ಟೇ ಬೇಕು. ಒಂದು ಎಕರೆ, ಅರ್ಧ ಎಕರೆಯ ತುಂಡಿನಲ್ಲಿ ಅದು ತಿರುಗುವುದರಲ್ಲೇ ಹೊತ್ತು ಕಳೆಯುತ್ತದೆ. ಕ್ಷೇತ್ರ ದಕ್ಷತೆ ಎಂಬ ಆ ಅಂಕಿಯ ಒಳಗೆ ಯಾರ ಹೊಲ ಎಷ್ಟು ದೊಡ್ಡದು ಎಂಬ ಮಾತು ಅಡಗಿ ಕೂತಿದೆ.

ಮೆಕಾರ್ಮಿಕ್ ಶಿಕಾಗೋಕ್ಕೆ ಹೋಗಿ ದೊಡ್ಡ ಕಾರ್ಖಾನೆ ಕಟ್ಟಿದ. ಅಲ್ಲಿ ಎರಕ ಹೊಯ್ಯುವ ಕುಶಲ ಕಾರ್ಮಿಕರ ಸಂಘ 1885ರ ಮುಷ್ಕರದಲ್ಲಿ ಗೆದ್ದಿತು. ಆಡಳಿತದವರು ಕೂಡಲೇ ಗಾಳಿಯ ಒತ್ತಡದಿಂದ ಅಚ್ಚು ಮಾಡುವ ಯಂತ್ರಗಳನ್ನು ತಂದು ಆ ಸಂಘವನ್ನು ಮುರಿದರು. ಕೆಲವು ವರ್ಷವಾದ ಮೇಲೆ ಆ ಯಂತ್ರಗಳನ್ನೂ ಬಿಟ್ಟರು ಎಂದು ಕಾರ್ಮಿಕ ಚರಿತ್ರೆ ಬರೆದವರು ಹೇಳುತ್ತಾರೆ. ಅವು ಬಂದದ್ದು ಉತ್ಪಾದನೆಗಿಂತ ಹೆಚ್ಚಾಗಿ ಸಂಘ ಮುರಿಯಲು. 1886ರ ಮೇ 3ರಂದು ಅದೇ ಕಾರ್ಖಾನೆಯ ಬಾಗಿಲಲ್ಲಿ ಮುಷ್ಕರ ಹೂಡಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮರುದಿನ ಹೇಮಾರ್ಕೆಟ್. ನಾವು ವರ್ಷ ವರ್ಷ ಕೆಂಪು ಬಾವುಟ ಹಿಡಿದು ನೆನೆಯುವ ಮೇ ದಿನದ ನೆತ್ತರು ಕೊಯ್ಲು ಯಂತ್ರ ತಯಾರಿಸುವ ಕಾರ್ಖಾನೆಯ ಮುಂದೆ ಬಿದ್ದದ್ದು ಎಂಬುದನ್ನು ನಮ್ಮ ಗೆಳೆಯರು ಮರೆಯಬಾರದು.

5

ಸ್ವಿಂಗ್ ಬಂಡಾಯದವರನ್ನು ಅಟ್ಟಿದ ಆಸ್ಟ್ರೇಲಿಯಾದಲ್ಲೇ 1885ರ ಹೊತ್ತಿಗೆ ಹ್ಯೂ ವಿಕ್ಟರ್ ಮೆಕೇ ತೆನೆ ಕಿತ್ತು, ಒಕ್ಕಿ, ತೂರುವ ಯಂತ್ರ ಮಾಡಿದ. ಅದಕ್ಕೆ ಸನ್‌ಶೈನ್ ಎಂಬ ಹೆಸರು. ಅವನ ಕಾರ್ಖಾನೆ ಬೆಳೆಯಿತು. ಆಗ ಅಲ್ಲೊಂದು ಕಾನೂನಿತ್ತು. ಕೂಲಿಗಾರರಿಗೆ ನ್ಯಾಯವಾದ ಕೂಲಿ ಕೊಡುವ ತಯಾರಕನಿಗೆ ಮಾತ್ರ ತೆರಿಗೆ ಮಾಫಿ. ಹಾಗಾದರೆ ನ್ಯಾಯವಾದ ಕೂಲಿ ಅಂದರೆ ಎಷ್ಟು? 1907ರಲ್ಲಿ ನ್ಯಾಯಾಧೀಶ ಹಿಗಿನ್ಸ್ ಅವರ ಮುಂದೆ ಈ ಪ್ರಶ್ನೆ ಬಂತು. ಅವರು ಕಾರ್ಖಾನೆಯ ಲಾಭದ ಪುಸ್ತಕದಿಂದ ಶುರು ಮಾಡಲಿಲ್ಲ. ಬಾಡಿಗೆ, ಸೌದೆ, ರೊಟ್ಟಿ, ಮಾಂಸ, ಬಟ್ಟೆಗೆ ಎಷ್ಟು ಬೇಕು ಎಂದು ಕೇಳಿದರು. ಕೂಲಿಗಾರರ ಹೆಂಡತಿಯರ ಸಾಕ್ಷ್ಯವನ್ನೂ ತೆಗೆದುಕೊಂಡರು. ಗಂಡ, ಹೆಂಡತಿ, ಮೂರು ಮಕ್ಕಳ ಸಂಸಾರ ಮನುಷ್ಯರ ಹಾಗೆ ಬದುಕಲು ದಿನಕ್ಕೆ 7 ಶಿಲಿಂಗ್ ಬೇಕು, ಕುಶಲ ಕೆಲಸ ಬಾರದವನಿಗೂ ಅಷ್ಟು ಕೊಡಲೇಬೇಕು ಎಂದರು. ಇದನ್ನು ಹಾರ್ವೆಸ್ಟರ್ ತೀರ್ಪು ಅಂತಲೇ ಕರೆಯುತ್ತಾರೆ.

ಮೆಕೇ ಸುಮ್ಮನಿರಲಿಲ್ಲ. 1908ರಲ್ಲಿ ಆ ಕಾನೂನೇ ಮೇಲಿನ ಕೋರ್ಟಿನಲ್ಲಿ ಬಿದ್ದುಹೋಯಿತು. ಆದರೂ ಕೂಲಿಯನ್ನು ಮನುಷ್ಯನ ಅಗತ್ಯದಿಂದ ಅಳೆಯಬೇಕು ಎಂಬ ತತ್ವ ಉಳಿದು ಆ ದೇಶದ ಮೂಲ ಕೂಲಿಗೆ ತಳಹದಿಯಾಯಿತು. ಅದರ ಕೊರತೆಯನ್ನೂ ಹೇಳಬೇಕು. ಅದು ಸಂಸಾರದ ಯಜಮಾನ ಗಂಡಸು ಎಂದೇ ಭಾವಿಸಿತು. ಹೆಂಗಸಿನ ಸಾಕ್ಷ್ಯ ಕೇಳಿದರು, ಹೆಂಗಸಿನ ಕೂಲಿಯನ್ನು ಕಡಿಮೆಗೇ ಇಟ್ಟರು. ಆ ನೆಲದ ಮೂಲನಿವಾಸಿಗಳು ಆ ಲೆಕ್ಕದಲ್ಲಿ ಇರಲೇ ಇಲ್ಲ. ಆದರೂ ಕೊಯ್ಲು ಯಂತ್ರದ ಚರಿತ್ರೆಯಲ್ಲಿ ಅಡುಗೆಮನೆಯ ಖರ್ಚು ಒಂದು ಅಳತೆಗೋಲಾಗಿ ಕೋರ್ಟಿಗೆ ಬಂದದ್ದು ಸಣ್ಣ ಮಾತಲ್ಲ.

ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಅಮೆರಿಕದಲ್ಲಿ ಮ್ಯಾಸಿ-ಹ್ಯಾರಿಸ್ ಕಂಪನಿಯ 500 ಸ್ವಯಂಚಾಲಿತ ಕಂಬೈನ್‌ಗಳು ದಕ್ಷಿಣದಿಂದ ಉತ್ತರಕ್ಕೆ ಬೆಳೆ ಮಾಗಿದ ಹಾಗೆಲ್ಲ ಕೊಯ್ಯುತ್ತ ಹೋದವು. ಹತ್ತು ಲಕ್ಷ ಎಕರೆಗೂ ಮೇಲೆ ಕೊಯ್ದವು. ಜನ ಯುದ್ಧಕ್ಕೆ ಹೋಗಿ ಹೊಲದಲ್ಲಿ ಆಳಿಲ್ಲದಾಗ 'ಉಳಿದ ಆಳು' ಎಂಬ ಕಲಮಿಗೆ ಅರ್ಥವಿತ್ತು. ಕೆಲಸ ಹುಡುಕಿ ಜನ ಊರು ಬಿಡುವ ನಮ್ಮ ರಾಯಚೂರು, ಕೊಪ್ಪಳದ ಸೀಮೆಗೆ ಅದೇ ಕಲಮನ್ನು ಹಾಗೇ ಎತ್ತಿ ತಂದರೆ ಅದಕ್ಕೆ ಏನು ಅರ್ಥ?

ಈ ಪ್ರಶ್ನೆಯನ್ನು ಅಮೆರಿಕದಲ್ಲೇ ಕೋರ್ಟಿಗೆ ತಂದವರಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಟೊಮ್ಯಾಟೊ ಕೊಯ್ಯುವ ಯಂತ್ರ ಮಾಡಿದರು. ಅದರ ಹೊಡೆತ ತಡೆಯುವಂಥ ಗಟ್ಟಿ ಸಿಪ್ಪೆಯ ತಳಿಯನ್ನೂ ಮಾಡಿದರು. 1960ರ ದಶಕದ ಮೊದಲಲ್ಲಿ ಸುಮಾರು 4,000 ಇದ್ದ ಟೊಮ್ಯಾಟೊ ಬೆಳೆಗಾರರು 1973ಕ್ಕೆ 600ರ ಹತ್ತಿರ ಇಳಿದರು. ಸಾವಿರಾರು ಕೂಲಿಕಾರರ ಕೆಲಸ ಹೋಯಿತು. 1979ರಲ್ಲಿ ಬಡ ಕೂಲಿಕಾರರ ಪರವಾದ ವಕೀಲರು ವಿಶ್ವವಿದ್ಯಾಲಯದ ಮೇಲೆ ಕೇಸು ಹಾಕಿದರು. ಜನರ ತೆರಿಗೆ ಹಣದ ಸಂಶೋಧನೆ ದೊಡ್ಡ ಜಮೀನ್ದಾರರಿಗೆ ಮಾತ್ರ ಲಾಭ ಮಾಡಿದ್ದು ಯಾವ ನ್ಯಾಯ ಎಂಬುದು ಅವರ ವಾದ. ಕೊನೆಗೆ ಮೇಲಿನ ಕೋರ್ಟು ವಿಶ್ವವಿದ್ಯಾಲಯದ ಪರವಾಗಿ ಹೇಳಿತು. ಕೇಸು ಸೋತಿತು, ಪ್ರಶ್ನೆ ಉಳಿಯಿತು. ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಗೇಟಿನ ಮುಂದೆ ಆ ಪ್ರಶ್ನೆ ಇನ್ನೂ ಹೋಗಿ ನಿಂತಿಲ್ಲ.

6

ಈಗ ನಮ್ಮ ದೇಶಕ್ಕೆ ಬರೋಣ. 1968ರ ಡಿಸೆಂಬರ್ 25ರ ರಾತ್ರಿ ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ 44 ಜನರನ್ನು, ಹೆಚ್ಚಿನವರು ಹೆಂಗಸರು ಮಕ್ಕಳು, ಗುಡಿಸಲಲ್ಲಿ ಕೂಡಿ ಸುಟ್ಟರು. ಎಲ್ಲರೂ ದಲಿತ ಕೂಲಿಗಳ ಮನೆಯವರು. ಜಗಳ ಕೊಯ್ಲಿನ ಕೂಲಿಯದು. ಅಳತೆಗೆ ಇಷ್ಟು ಭತ್ತ ಹೆಚ್ಚು ಕೊಡಿ ಎಂದದ್ದು, ಹೊರಗಿನ ಆಳು ತರಬೇಡಿ ಎಂದದ್ದು. ಹೈಕೋರ್ಟಿನಲ್ಲಿ ಆಪಾದಿತ ಭೂಮಾಲೀಕರು ಬಿಡುಗಡೆಯಾದರು. ಕೊಯ್ಲಿನ ಹೊತ್ತಿನಲ್ಲೇ ಯಾಕೆ ಇಷ್ಟು ಕ್ರೌರ್ಯ? ಯಾಕಂದರೆ ವರ್ಷದ ಮುನ್ನೂರು ಚಿಲ್ಲರೆ ದಿನ ನಮ್ಮವರಿಗೆ ಒಡೆಯನ ಬಾಗಿಲು ಕಾಯೋದೇ ಕೆಲಸ. ಭತ್ತ ಮಾಗಿ ನಿಂತ ಹತ್ತು ಹದಿನೈದು ದಿನ ಮಾತ್ರ ಒಡೆಯ ನಮ್ಮ ಬಾಗಿಲಿಗೆ ಬರಬೇಕು. ತಡವಾದರೆ ಕಾಳು ಉದುರುತ್ತದೆ. ಆ ಹದಿನೈದು ದಿನ ಕುಡುಗೋಲು ಬರೀ ಉಪಕರಣವಲ್ಲ, ಮಾತಾಡುವ ಬಾಯಿ. ಮಿಷನ್ ಬಂದಾಗ ಕೂಲಿಯ ಜೊತೆಗೆ ಈ ಬಾಯಿಯೂ ಹೋಯಿತು. ಯಾವ ಪರೀಕ್ಷಾ ವರದಿಯಲ್ಲೂ ಇದಕ್ಕೆ ಕಲಮಿಲ್ಲ.

ಬಾಯಿ ಪೂರ್ತಿ ಹೋಗಿಲ್ಲ ಎಂಬುದನ್ನೂ ನೋಡಿದ್ದೇವೆ. ಅಕಾಲ ಮಳೆ ಬಿದ್ದು ಭತ್ತ ನೆಲಕಚ್ಚಿ ಮಲಗಿದಾಗ ಟೈರಿನ ಮಿಷನ್ ಗದ್ದೆಗೆ ಇಳಿಯುವುದಿಲ್ಲ, ಚೈನಿನದು ಇಳಿದರೂ ಕಾಳು ಕೈಗೆ ಪೂರ್ತಿ ಹತ್ತುವುದಿಲ್ಲ. ಆಗ ಕೇರಿಗೆ ಕರೆ ಬರುತ್ತದೆ. ಒಣಗಿ ನೆಟ್ಟಗೆ ನಿಂತ ಸುಖದ ಬೆಳೆ ಮಿಷನ್ನಿಗೆ, ಕೆಸರಲ್ಲಿ ಕೊಳೆಯುವ ಬೆಳೆ ನಮ್ಮ ಅವ್ವಂದಿರ ಸೊಂಟಕ್ಕೆ.

ಪಂಜಾಬು ಈ ಯಂತ್ರದ ತವರು. 1980ರಲ್ಲಿ ಅಲ್ಲಿ ಸ್ವರಾಜ್ 8100 ಎಂಬ ದೇಶೀ ಕಂಬೈನ್ ಬಂತು. ಪಂಜಾಬಿನ ಮಿಷನ್‌ಗಳು ಬೆಳೆ ಮಾಗುವ ದಾರಿ ಹಿಡಿದು ರಾಜ್ಯ ರಾಜ್ಯ ತಿರುಗಿ ಬಾಡಿಗೆಗೆ ಕೊಯ್ಯುತ್ತವೆ. ಕಾಳಿನ ಲೆಕ್ಕದಲ್ಲಿ ಅಲ್ಲಿ ಅದು ಒಳ್ಳೆ ಅಂಕ ಪಡೆಯಿತು. ಹುಲ್ಲಿನ ಲೆಕ್ಕ ಯಾರೂ ಕೇಳಲಿಲ್ಲ. ಕಂಬೈನ್ ಎತ್ತರಕ್ಕೆ ಕೊಯ್ದು ಕೂಳೆ ನಿಲ್ಲಿಸುತ್ತದೆ, ಒಕ್ಕಿದ ಹುಲ್ಲನ್ನು ಸಾಲಾಗಿ ಚೆಲ್ಲುತ್ತದೆ. ಅಂತರ್ಜಲ ಉಳಿಸಲು 2009ರ ಕಾನೂನು ನಾಟಿಯನ್ನು ಮುಂದಕ್ಕೆ ಹಾಕಿತು. ಭತ್ತಕ್ಕೂ ಗೋಧಿಗೂ ನಡುವೆ ಸಿಗುವ ದಿನಗಳು ಇನ್ನೂ ಕಮ್ಮಿಯಾದವು. ರೈತ ಬೆಂಕಿ ಹಚ್ಚಿದ. ಹೊಗೆ ದಿಲ್ಲಿಗೆ ಮುಟ್ಟಿದ ಮೇಲೆ ಹುಲ್ಲು ಕತ್ತರಿಸಿ ಹರಡುವ ಇನ್ನೊಂದು ಯಂತ್ರವನ್ನು ಕಂಬೈನಿಗೆ ಜೋಡಿಸಲೇಬೇಕು ಎಂಬ ಆಜ್ಞೆ ಬಂತು. ಮೂವತ್ತು ನಲವತ್ತು ವರ್ಷ ಪಾಸಾಗುತ್ತ ಬಂದ ಯಂತ್ರ ದಿಲ್ಲಿಯವರಿಗೆ ಕೆಮ್ಮು ಬಂದ ಮೇಲೆ ಒಂದು ವಿಷಯದಲ್ಲಿ ಫೇಲಾಯಿತು. ಕೂಲಿಕಾರರ ಹಸಿವಿಗೆ ಹೊಗೆ ಇಲ್ಲ. ಹಾಗಾಗಿ ಆ ವಿಷಯದಲ್ಲಿ ಮರುಪರೀಕ್ಷೆ ಆಗಲಿಲ್ಲ.

7

ಹಾಗಾದರೆ ನಾವೂ ಕ್ಯಾಪ್ಟನ್ ಸ್ವಿಂಗ್ ಆಗಬೇಕೆ? ಇಲ್ಲ ಎನ್ನುತ್ತೇವೆ. ಬಿಸಿಲಲ್ಲಿ ಬಗ್ಗಿ ಬಗ್ಗಿ ಕೊಯ್ದು ನಮ್ಮ ಅವ್ವಂದಿರ ಬೆನ್ನು ಬಾಗಿಹೋಗಿದೆ. ಭತ್ತದ ಗರಿ ಕೊಯ್ದ ಕೈಗಳನ್ನು ನಾವು ನೋಡಿದ್ದೇವೆ. ಆ ಕೆಲಸ ಮುಂದಿನ ತಲೆಮಾರಿಗೂ ಇರಲಿ ಎಂದು ಯಾವ ಮಗ ಹೇಳುತ್ತಾನೆ? 1945ರಲ್ಲಿ ಅಂಬೇಡ್ಕರರು ಗಾಂಧೀವಾದವನ್ನು ವಿಮರ್ಶೆ ಮಾಡುವಾಗ ಈ ಮಾತನ್ನು ಬಿಡಿಸಿ ಹೇಳಿದ್ದಾರೆ. ಕೇಡು ಯಂತ್ರದಲ್ಲಿಲ್ಲ, ಯಂತ್ರದ ಫಲವನ್ನು ಕೆಲವರೇ ಹಿಡಿದಿಟ್ಟುಕೊಳ್ಳುವ ಸಮಾಜದ ಏರ್ಪಾಡಿನಲ್ಲಿದೆ. ಮನುಷ್ಯನಿಗೆ ಬಿಡುವು ಸಿಗದೆ ಓದು, ಸಂಸ್ಕೃತಿ ಸಿಗಲಾರದು, ಬಿಡುವು ಯಂತ್ರವಿಲ್ಲದೆ ಸಿಗಲಾರದು ಎಂಬುದು ಅವರ ವಿಚಾರ. ನಮಗೆ ಬೇಕಾದದ್ದು ಆ ಬಿಡುವು. ನಮಗೆ ಸಿಕ್ಕಿದ್ದು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುವ ರಾತ್ರಿ ಬಸ್ಸು.

ವ್ಯತ್ಯಾಸ ಭೂಮಿಯಲ್ಲಿದೆ. 2011ರ ಜನಗಣತಿಯಲ್ಲಿ ಈ ದೇಶದ ಕೃಷಿ ಕೂಲಿಗಳು 14.43 ಕೋಟಿ, ಸಾಗುವಳಿದಾರರು 11.88 ಕೋಟಿ. 2015-16ರ ಕೃಷಿ ಗಣತಿಯಲ್ಲಿ ಪರಿಶಿಷ್ಟ ಜಾತಿಗಳವರ ಕೈಯಲ್ಲಿದ್ದ ಸಾಗುವಳಿ ನೆಲ ನೂರಕ್ಕೆ 9 ಪಾಲೂ ಇಲ್ಲ. ಕರ್ನಾಟಕ ಸರ್ಕಾರ 2014ರಿಂದ ಕೃಷಿ ಯಂತ್ರಧಾರೆ ಎಂದು ಬಾಡಿಗೆ ಯಂತ್ರಗಳ ಕೇಂದ್ರ ತೆರೆಯಿತು. ಸಣ್ಣ ರೈತನಿಗೆ ಅದು ಒಳ್ಳೆಯದೇ. ಪಹಣಿಯೇ ಇಲ್ಲದವಳು ಅಲ್ಲಿ ಹೋಗಿ ಏನು ಬಾಡಿಗೆಗೆ ಕೇಳುತ್ತಾಳೆ?

ಇದಕ್ಕೆ ಒಂದು ಉತ್ತರ ಪಂಜಾಬಿನಿಂದಲೇ ಬಂದಿದೆ. ಅಲ್ಲಿನ ಜನರಲ್ಲಿ ಮೂರನೇ ಒಂದು ಪಾಲು ದಲಿತರು. 1961ರ ಕಾನೂನಿನ ಪ್ರಕಾರ ಊರ ಸಾಮುದಾಯಿಕ ಸಾಗುವಳಿ ನೆಲದ ಮೂರನೇ ಒಂದು ಪಾಲನ್ನು ಅವರಿಗೆ ಗುತ್ತಿಗೆಗೆ ಕೊಡಬೇಕು. ಎಷ್ಟೋ ವರ್ಷ ಜಮೀನ್ದಾರರೇ ಬೇನಾಮಿ ಹೆಸರಲ್ಲಿ ಹರಾಜು ಕೂಗುತ್ತಿದ್ದರು. 2014ರಲ್ಲಿ ಸಂಗ್ರೂರು ಜಿಲ್ಲೆಯಲ್ಲಿ ಜಮೀನ್ ಪ್ರಾಪ್ತಿ ಸಂಘರ್ಷ ಸಮಿತಿ ಹುಟ್ಟಿ ಲಾಠಿ, ಜೈಲು, ಬಹಿಷ್ಕಾರ ಎಲ್ಲ ಎದುರಿಸಿ ಆ ನೆಲ ಕೇಳಿತು. ಬಲದ್ ಕಲಾನ್‌ನಂಥ ಊರುಗಳಲ್ಲಿ ದಲಿತ ಸಂಸಾರಗಳು ಕೂಡಿ ಉಳುತ್ತವೆ. ದನಕ್ಕೆ ಮೇವು ಕೊಯ್ಯಲು ಜಮೀನ್ದಾರನ ಹೊಲಕ್ಕೆ ಹೋಗಿ ಬೈಗುಳ ತಿನ್ನುವುದು ತಪ್ಪಿತು ಎಂದು ಅಲ್ಲಿನ ಹೆಂಗಸರು ಹೇಳಿದ್ದಾರೆ. ಹೀಗೆ ಕೂಡಿ ಹಿಡಿದ ನೆಲಕ್ಕೆ ಮಿಷನ್ ಇಳಿದರೆ ಅದರ ಗಂಟೆಗೆ 2 ಎಕರೆ ಯಾರ ಅನ್ನವನ್ನೂ ಕಸಿಯುವುದಿಲ್ಲ. ಉಳಿದ ಹೊತ್ತು ದುಡಿದವರದೇ.

1973ರಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಬೂಸಾ ಎಂಬ ಒಂದು ಮಾತು ಆಡಿದ್ದಕ್ಕೆ ಮಂತ್ರಿಗಿರಿ ಕಳೆದುಕೊಂಡರು. ಕಾಳು ಯಾವುದು, ಬೂಸಾ ಯಾವುದು ಎಂದು ಹೇಳುವ ಹಕ್ಕು ನಮಗೂ ಇದೆ ಎಂಬುದಕ್ಕೇ ಆ ಗದ್ದಲವೆಲ್ಲ. ಸಾಹಿತ್ಯದಲ್ಲಿ ಆ ಹಕ್ಕನ್ನು ಹೋರಾಡಿ ಪಡೆದೆವು. ಯಂತ್ರ, ಕೂಲಿ, ನೆಲದ ಲೆಕ್ಕದಲ್ಲಿ ಇನ್ನೂ ಪಡೆದಿಲ್ಲ.

ಆದ್ದರಿಂದ ಹಳ್ಳಿಯ ಮೇಷ್ಟರುಗಳಲ್ಲಿ, ಹಾಸ್ಟೆಲಿನ ಗೆಳೆಯರಲ್ಲಿ ಒಂದು ಕೆಲಸ ಕೇಳುತ್ತೇವೆ. ಈ ಸುಗ್ಗಿಗೆ ನಿಮ್ಮ ಊರಿಗೆ ಮಿಷನ್ ಬಂದಾಗ ನೋಟುಬುಕ್ಕು ಹಿಡಿದು ಹೊಲಕ್ಕೆ ಹೋಗಿ. ಎಂಜಿನಿಯರನ ಕಲಮುಗಳನ್ನು ಬರೆಯಿರಿ, ಅವೂ ಬೇಕು. ಅವುಗಳ ಕೆಳಗೆ ನಮ್ಮ ಕಲಮುಗಳನ್ನು ಹಾಕಿ. ಈ ಹೊಲದಲ್ಲಿ ಮೊದಲು ಎಷ್ಟು ಜನ ಎಷ್ಟು ದಿನ ಕೊಯ್ಯುತ್ತಿದ್ದರು, ಅದರಲ್ಲಿ ಹೆಂಗಸರೆಷ್ಟು? ಗಂಡಾಳಿಗೆಷ್ಟು, ಹೆಣ್ಣಾಳಿಗೆಷ್ಟು ಕೂಲಿ? ಅವರು ಈಗ ಎಲ್ಲಿದ್ದಾರೆ? ಹುಲ್ಲು ಯಾರ ದನಕ್ಕೆ ಹೋಯಿತು? ಹೊಲ ಯಾರದು, ಮಿಷನ್ ಯಾರದು, ಸಾಲ ಸಬ್ಸಿಡಿ ಯಾರ ಹೆಸರಲ್ಲಿ ಬಂತು? ಮಳೆಗೆ ಬಿದ್ದ ಬೆಳೆಯನ್ನು ಯಾರು ಕೊಯ್ದರು? ಊರಿಗೆ ಎರಡು ಪುಟ ಸಾಕು. ಹತ್ತು ಊರಿನದು ಕೂಡಿಸಿದರೆ ಅದು ವರದಿ. ಕೂಲಿ ಕೇಳಲು, ನೆಲ ಕೇಳಲು ತಹಶೀಲ್ದಾರರ ಕಚೇರಿಗೆ ಹೋಗುವಾಗ ಕೈಯಲ್ಲಿ ಹಿಡಿಯಲು ನಮ್ಮದೇ ಕಾಗದ.

ತೂಗುವುದನ್ನು ಮಾತ್ರ ತೊಟ್ಟಿಯ ಕಡೆಯಿಂದ ಶುರು ಮಾಡಬೇಡಿ. ಬದುವಿನ ಮೇಲೆ ಬುಟ್ಟಿ ಬೋರಲು ಹಾಕಿಕೊಂಡು ಕೂತವಳನ್ನು ಮೊದಲು ಮಾತಾಡಿಸಿ.